ಎತ್ತಿ ನಿಲ್ಲಿಸಿದ ಖಂಡ: ಆಫ್ರಿಕಾದ ಪ್ರಸ್ಥಭೂಮಿಗಳ ಬಗ್ಗೆ ಒಂದಿಷ್ಟು ಮಾತು

ಎಲ್ಲರಿಗೂ ನಮಸ್ಕಾರ. ಇದು ಮೊನ್ನೆ ಮಾತಾಡಿದ್ದರ ಬರಹ ರೂಪ. ಅಲ್ಲಿ ಮ್ಯಾಪ್ ತೋರಿಸಿ ಹೇಳಿದ್ದನ್ನ ಇಲ್ಲಿ ಮ್ಯಾಪ್ ಇಲ್ಲದೇನೂ ಅರ್ಥ ಆಗೋ ಹಾಗೆ ಸ್ವಲ್ಪ ಬಿಡಿಸಿ ಬರೆದಿದೀನಿ, ಕೊನೇಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನ ಸೇರಿಸಿದೀನಿ.

ಆಫ್ರಿಕಾ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಏನು? ಸಹಾರಾ ಮರುಭೂಮಿ, ಕಾಂಗೋ ಕಾಡು, ಜೀಬ್ರಾ ಓಡೋ ಹುಲ್ಲುಗಾವಲು. ಎತ್ತರ ಅನ್ನೋದು ಬರೋದೇ ಇಲ್ಲ, ಬಂದ್ರೂ ಕಿಲಿಮಂಜಾರೋ ಒಂದೇ, ಅದೂ ಬಯಲ ಮಧ್ಯ ಒಂಟಿಯಾಗಿ ನಿಂತ ಬೆಟ್ಟ. ಈಗ ಒಂದು ಕೆಲಸ ಮಾಡಿ, ದೇಶಗಳ ಗಡಿ ಇರೋ ಮ್ಯಾಪ್ ಪಕ್ಕಕ್ಕಿಟ್ಟು ಎತ್ತರ ತೋರಿಸೋ ಮ್ಯಾಪ್ ತೆಗೀರಿ, ಪಶ್ಚಿಮದಲ್ಲಿ ಅಂಗೋಲಾದ ಕರಾವಳಿಯಿಂದ ಶುರು ಮಾಡಿ ಓರೆಯಾಗಿ ಮೇಲಕ್ಕೆ ಕೆಂಪು ಸಮುದ್ರದ ದಡದ ಎರಿಟ್ರಿಯಾವರೆಗೂ ಒಂದು ಗೆರೆ ಎಳೀರಿ. ಆ ಗೆರೆಯ ದಕ್ಷಿಣಕ್ಕೂ ಪೂರ್ವಕ್ಕೂ ಇರೋ ನೆಲದಲ್ಲಿ ಬಹುಪಾಲು ಸಮುದ್ರಮಟ್ಟದಿಂದ 1,000 ಮೀಟರ್‌ಗಿಂತ ಮೇಲಿದೆ. ಗೆರೆಯ ಈಚೆ, ಅಂದ್ರೆ ಸಹಾರಾ ಮತ್ತು ಪಶ್ಚಿಮ ಆಫ್ರಿಕಾ ಕಡೆ, ನೆಲ ತಗ್ಗು, ಅಲ್ಲಲ್ಲಿ ಮಾತ್ರ ಎತ್ತರದ ತುಂಡುಗಳು. ಭೂಗೋಳದವರು ಇದನ್ನ ಎತ್ತರದ ಆಫ್ರಿಕಾ, ತಗ್ಗಿನ ಆಫ್ರಿಕಾ ಅಂತಾನೇ ಕರೀತಾರೆ. ಇಡೀ ಖಂಡದ ಸರಾಸರಿ ಎತ್ತರ ಸುಮಾರು 600 ಮೀಟರ್, ಯೂರೋಪಿನದು ಹೆಚ್ಚುಕಮ್ಮಿ ಅದರ ಅರ್ಧ.

ಇದರಲ್ಲಿ ನನಗೆ ಅತಿ ಮುಖ್ಯ ಅನ್ಸೋ ವಿಷಯ ಬೇರೆ. ಹಿಮಾಲಯ, ಆಲ್ಪ್ಸ್ ಥರದ ಮಡಿಕೆ ಪರ್ವತಗಳು ಆಫ್ರಿಕಾದಲ್ಲಿ ಎರಡೇ ಕಡೆ ಇರೋದು, ವಾಯವ್ಯದ ಮೂಲೇಲಿ ಅಟ್ಲಾಸ್, ದಕ್ಷಿಣದ ತುದೀಲಿ ಕೇಪ್ ಬೆಟ್ಟಗಳು. ಮಿಕ್ಕ ಎತ್ತರ ಎಲ್ಲಾ ಯಾವುದೋ ಖಂಡ ಬಂದು ಗುದ್ದಿ ನೆಲ ಸುಕ್ಕುಗಟ್ಟಿ ಬಂದಿದ್ದಲ್ಲ, ನೆಲ ಚಪ್ಪಟೆಯಾಗಿ ಇದ್ದ ಹಾಗೇ ಅಡಿಯಿಂದ ಮೇಲಕ್ಕೆ ಎತ್ತಲ್ಪಟ್ಟಿದ್ದು. ಈ ಒಂದು ಸಂಗತಿ ಮನಸ್ಸಲ್ಲಿ ಇಟ್ಕೊಂಡ್ರೆ ಅಲ್ಲಿನ ನದಿಗಳು ಯಾಕೆ ಹಾಗೆ ಹರೀತವೆ, ಊರುಗಳು ಯಾಕೆ ಅಲ್ಲೇ ಇವೆ, ಹೊರಗಿನವರು ಯಾಕೆ ಅಷ್ಟು ತಡವಾಗಿ ಒಳಗೆ ಬಂದ್ರು, ಎಲ್ಲಾ ಒಂದೊಂದಾಗಿ ಬಿಡಿಸಿಕೊಳ್ಳತ್ತೆ. ಇವತ್ತಿನ ಮಾತೆಲ್ಲಾ ಇದರ ಸುತ್ತಾನೇ.

ಎತ್ತಿದ್ದು ಏನು ಅಂತ ಕೇಳಿದ್ರೆ, ಕೆಳಗಿರೋ ಬಿಸಿ. ದಕ್ಷಿಣ ಆಫ್ರಿಕಾದ ಅಡಿಯಲ್ಲಿ, ಮ್ಯಾಂಟಲ್‌ನ (ಭೂಮಿಯ ಹೊರಚಿಪ್ಪಿನ ಕೆಳಗಿರೋ ದಪ್ಪ ಬಂಡೆ ಪದರದ) ತೀರಾ ಆಳದಿಂದ ಶುರುವಾಗಿ, ಸುತ್ತಲಿನದಕ್ಕಿಂತ ಬಿಸಿಯಾದ ಬಂಡೆಯ ಒಂದು ಭಾರೀ ರಾಶಿ ಈಶಾನ್ಯಕ್ಕೆ ವಾಲಿಕೊಂಡು ಮೇಲಕ್ಕೆ ಬರ್ತಾ ಇದೆ. ಭೂಕಂಪದ ಅಲೆಗಳು ಬಿಸಿ ಬಂಡೆಯಲ್ಲಿ ನಿಧಾನವಾಗಿ ಹೋಗತ್ವೆ, ಪ್ರಪಂಚದ ಬೇರೆ ಬೇರೆ ಕಡೆ ಅವು ತಲುಪೋ ಹೊತ್ತನ್ನ ಅಳೆದು ಈ ರಾಶಿಯ ಆಕಾರ ಕಂಡುಹಿಡಿದಿದಾರೆ. ದಕ್ಷಿಣದ ನೆಲ ಯಾವಾಗ ಎತ್ತರ ಆಯ್ತು ಅನ್ನೋದರ ಬಗ್ಗೆ ಭೂವಿಜ್ಞಾನಿಗಳಲ್ಲಿ ಜಗಳ ಇನ್ನೂ ಮುಗಿದಿಲ್ಲ. ದಕ್ಷಿಣದ ಖಂಡಗಳೆಲ್ಲ ಒಂದಾಗಿದ್ದ ಗೊಂಡ್ವಾನಾ ಅನ್ನೋ ಹಳೇ ಮಹಾಖಂಡ ಒಡೆದ ಕಾಲದಿಂದಲೇ ಎತ್ತರ ಇತ್ತು ಅನ್ನೋರು ಒಂದು ಕಡೆ, ಇಲ್ಲ, ಕಳೆದ ಕೆಲವು ಕೋಟಿ ವರ್ಷಗಳಲ್ಲೇ ಹೆಚ್ಚು ಎದ್ದಿದ್ದು ಅನ್ನೋರು ಇನ್ನೊಂದು ಕಡೆ. ಎರಡೂ ಸಲ ಎದ್ದಿರಬಹುದು ಅನ್ನೋದು ನನಗೆ ಹೆಚ್ಚು ಸರಿ ಅನ್ಸತ್ತೆ.

ಹೀಗೆ ಎದ್ದ ನೆಲಕ್ಕೆ ಅಂಚು ಇರಲೇಬೇಕಲ್ಲ. ಅಂಗೋಲಾದಿಂದ ನಮೀಬಿಯಾ, ದಕ್ಷಿಣ ಆಫ್ರಿಕಾ ಸುತ್ತಿಕೊಂಡು ಜಿಂಬಾಬ್ವೆ ಮೊಜಾಂಬಿಕ್ ಗಡಿವರೆಗೂ ಸುಮಾರು 5,000 ಕಿಲೋಮೀಟರ್ ಉದ್ದಕ್ಕೆ ಆ ಅಂಚು ಹೋಗತ್ತೆ, ಅದಕ್ಕೆ ಗ್ರೇಟ್ ಎಸ್ಕಾರ್ಪ್‌ಮೆಂಟ್ ಅಂತಾರೆ. ಕರಾವಳಿಯಿಂದ ಬರೋರಿಗೆ ಅದು ಬೆಟ್ಟದ ಸಾಲು, ಕಷ್ಟಪಟ್ಟು ಹತ್ತಬೇಕು. ಹತ್ತಿದ ಮೇಲೆ ಆಚೆ ಬದಿ ಇಳಿಯೋಣ ಅಂದ್ರೆ ಇಳಿಯೋಕೆ ಏನೂ ಇಲ್ಲ, ಎದುರಿಗೆ ನೂರಾರು ಕಿಲೋಮೀಟರ್ ಬಯಲು.

ಆ ಅಂಚಿನ ಅತಿ ಎತ್ತರದ ಭಾಗ ಡ್ರೇಕನ್ಸ್‌ಬರ್ಗ್. ಇದರ ಗೋಡೇನ ಕೆಳಗಿಂದ ಮೇಲಕ್ಕೆ ನೋಡ್ತಾ ಹೋದ್ರೆ ಕಥೆ ತಾನೇ ಕಾಣತ್ತೆ. ಕೆಳಗೆ ತಿಳಿ ಹಳದಿ ಬಣ್ಣದ ಮರಳುಗಲ್ಲು, ಅದು ಹಳೇ ಮರುಭೂಮಿಯ ಮರಳು ಗಟ್ಟಿಯಾಗಿದ್ದು. ಅದರ ಮೇಲೆ ಕಪ್ಪು ಬಸಾಲ್ಟ್, ಸುಮಾರು 18 ಕೋಟಿ ವರ್ಷದ ಹಿಂದೆ ಗೊಂಡ್ವಾನಾ ಒಡೆಯೋಕೆ ಶುರುವಾದಾಗ ಬಿರುಕುಗಳಿಂದ ಉಕ್ಕಿ ಹರಿದ ಲಾವಾ, ಒಂದು ಹರಿವಿನ ಮೇಲೆ ಇನ್ನೊಂದು, ಕಂಬಳಿ ಮಡಚಿ ಪೇರಿಸಿಟ್ಟ ಹಾಗೆ, ಒಟ್ಟು ದಪ್ಪ ಕೆಲವು ಕಡೆ ಸುಮಾರು ಒಂದೂವರೆ ಕಿಲೋಮೀಟರ್. ಬಸಾಲ್ಟ್ ಗಟ್ಟಿ, ಮರಳುಗಲ್ಲು ಮೆದು. ಹಾಗಾಗಿ ಕೆಳಗಿನ ಕಲ್ಲು ಬೇಗ ಸವೆದು ಗುಹೆ ಥರ ಒಳಕ್ಕೆ ಹೋಗತ್ತೆ, ಮೇಲಿನದು ಚಾಚಿಕೊಂಡು ಉಳಿಯತ್ತೆ. ಆ ಚಾಚಿನ ಅಡಿ, ಮಳೆ ತಾಗದ ಮರಳುಗಲ್ಲಿನ ಮೇಲೆ, ಅಲ್ಲಿನ ಮೂಲ ಬೇಟೆಗಾರರಾದ ಸಾನ್ ಜನ ಸಾವಿರಾರು ವರ್ಷ ಎಲಾಂಡ್ ಜಿಂಕೆಗಳನ್ನ, ಕುಣಿಯೋ ಜನರನ್ನ ಬರೆದರು. ಅವರು ಬರೆಯೋಕೆ ನಯವಾದ ಗೋಡೆ, ನೆರಳು ಎರಡೂ ಸಿಕ್ಕಿದ್ದು ಈ ಎರಡು ಕಲ್ಲುಗಳ ವ್ಯತ್ಯಾಸದಿಂದ.

ಈ ಗೋಡೆ ಹತ್ತಿದ್ರೆ ಲೆಸೋಥೋ. ಇಡೀ ದೇಶ 1,000 ಮೀಟರ್‌ಗಿಂತ ಮೇಲಿರೋದು ಜಗತ್ತಲ್ಲಿ ಇದೊಂದೇ, ಅಲ್ಲಿನ ಅತಿ ತಗ್ಗು ಜಾಗಾನೇ ಸುಮಾರು 1,400 ಮೀಟರ್, ಅತಿ ಎತ್ತರ ಥಬಾನಾ ನ್ಟ್‌ಲೆನ್ಯಾನಾ 3,482 ಮೀಟರ್. ಮೋಡ ಈ ಅಂಚಿಗೆ ಬಂದು ಮಳೆ ಸುರಿಸತ್ತೆ. ಇತ್ತ ಉತ್ತರಕ್ಕೆ ಜೋಹಾನ್ಸ್‌ಬರ್ಗ್ ಇದೆಯಲ್ಲ, ಸುಮಾರು 1,750 ಮೀಟರ್ ಎತ್ತರದಲ್ಲಿ, ಅದು ದೊಡ್ಡ ನದಿ ಇಲ್ಲದ ಮಹಾನಗರ. 1886ರಲ್ಲಿ ಚಿನ್ನ ಸಿಕ್ಕಿದ್ದು ವಿಟ್‌ವಾಟರ್ಸ್‌ರಾಂಡ್ ದಿಣ್ಣೆಯಲ್ಲಿ, ಊರು ಬೆಳೆದಿದ್ದು ಅಲ್ಲೇ, ಆ ದಿಣ್ಣೆ ಆದ್ರೋ ನೀರು ಇಬ್ಭಾಗ ಆಗೋ ಜಾಗ. ಉತ್ತರಕ್ಕೆ ಬಿದ್ದ ಹನಿ ಲಿಂಪೋಪೋ ಸೇರಿ ಹಿಂದೂ ಮಹಾಸಾಗರಕ್ಕೆ, ದಕ್ಷಿಣಕ್ಕೆ ಬಿದ್ದಿದ್ದು ವಾಲ್, ಆರೆಂಜ್ ನದಿಗಳ ಮೂಲಕ ಅಟ್ಲಾಂಟಿಕ್‌ಗೆ. ಅಂಥ ಊರಿಗೆ ನೀರು ಎಲ್ಲಿಂದ ತರೋದು? 1986ರಲ್ಲಿ ಎರಡು ದೇಶ ಒಪ್ಪಂದ ಮಾಡಿಕೊಂಡವು, 185 ಮೀಟರ್ ಎತ್ತರದ ಕಾಟ್ಸೆ ಡ್ಯಾಂ ಕಟ್ಟಿದ್ರು, ಬೆಟ್ಟದೊಳಗೆ ಸುಮಾರು 80 ಕಿಲೋಮೀಟರ್ ಸುರಂಗ ಕೊರೆದ್ರು, 1998ರಿಂದ ಲೆಸೋಥೋ ನೀರು ದಕ್ಷಿಣ ಆಫ್ರಿಕಾಕ್ಕೆ ಹರೀತಿದೆ. ಎತ್ತರದಿಂದ ತಗ್ಗಿಗೆ ತಾನಾಗೇ ಹೋಗತ್ತೆ, ದಾರೀಲಿ ಕರೆಂಟೂ ಸಿಗತ್ತೆ. ಲೆಸೋಥೋಗೆ ರಾಯಲ್ಟಿ ದುಡ್ಡು ಬರತ್ತೆ ನಿಜ, ಆದ್ರೆ ಡ್ಯಾಂನಲ್ಲಿ ಮುಳುಗಿದ ಕಣಿವೆಯ ಹೊಲಗಳು ಆ ಬೆಟ್ಟದ ನಾಡಲ್ಲಿ ಉಳೋಕೆ ಆಗ್ತಿದ್ದ ಕೆಲವೇ ಕೆಲವು ಒಳ್ಳೇ ಹೊಲಗಳಾಗಿದ್ದವು, ಅದನ್ನೂ ಹೇಳ್ಬೇಕು.

ಈಗ ನದಿಗಳು. ಬೇರೆ ಖಂಡಗಳಲ್ಲಿ ದೊಡ್ಡ ನದಿಗಳು ಬೆಟ್ಟದಲ್ಲಿ ರಭಸವಾಗಿದ್ದು ಸಮುದ್ರದ ಹತ್ರ ಬರ್ತಾ ಸುಮ್ಮನಾಗತ್ವೆ, ಹಡಗು ಬಾಯಿಂದ ಒಳಗೆ ನೂರಾರು ಮೈಲಿ ಹೋಗಬಹುದು. ಆಫ್ರಿಕಾದ ಎಷ್ಟೋ ನದಿಗಳು ಇದಕ್ಕೆ ಉಲ್ಟಾ. ಒಳಗೆ ಬಯಲಲ್ಲಿ ಅಗಲವಾಗಿ ನಿಧಾನವಾಗಿ ಹರಿದು, ಸಮುದ್ರ ಇನ್ನೇನು ಬಂತು ಅನ್ನೋವಾಗ ಅಂಚಿಂದ ಕೆಳಗೆ ಬೀಳತ್ವೆ. ಕಾಂಗೋ ನೋಡಿ. ಕಿನ್ಶಾಸಾ ಹತ್ರ ನದಿ ಕೆರೆ ಥರ ಅಗಲ, ಅಲ್ಲಿಂದ ಕೆಳಗಿನ ಬಂದರು ಮಟಾಡಿವರೆಗೂ ಸುಮಾರು 350 ಕಿಲೋಮೀಟರ್‌ನಲ್ಲಿ 270 ಮೀಟರ್ ಇಳಿಯತ್ತೆ, ಸೆಕೆಂಡಿಗೆ ಸರಾಸರಿ 40,000 ಘನಮೀಟರ್ ನೀರು ಇಕ್ಕಟ್ಟಾದ ಕಂದರದಲ್ಲಿ ಒಂದಾದ ಮೇಲೊಂದು ರಭಸಗಳಲ್ಲಿ (ಬಂಡೆಗಳ ಮಧ್ಯ ನೀರು ಜೋರಾಗಿ ಧುಮುಕೋ ಜಾಗ, ಇಂಗ್ಲಿಷಲ್ಲಿ ರ‍್ಯಾಪಿಡ್ಸ್) ನುಗ್ಗತ್ತೆ, ಕೆಲವು ಕಡೆ ಆಳ 200 ಮೀಟರ್‌ಗೂ ಹೆಚ್ಚು.

ಪೋರ್ಚುಗೀಸ್ ನಾವಿಕ ಡಿಯೋಗೋ ಕಾವೊ ಈ ನದಿಯ ಬಾಯಿ ಕಂಡಿದ್ದು 1482ರಲ್ಲಿ. ಅವನ ಜನ ಮೊದಲ ರಭಸದವರೆಗೂ ಬಂದು ಯೆಲಾಲಾ ಬಂಡೆಗಳ ಮೇಲೆ ತಮ್ಮ ಹೆಸರು ಕೆತ್ತಿ ವಾಪಸ್ ಹೋದ್ರು. 1816ರಲ್ಲಿ ಟಕೀ ಅನ್ನೋ ಬ್ರಿಟಿಷ್ ನೌಕಾಧಿಕಾರಿಯ ತಂಡ ಬಂತು, ಅದೇ ರಭಸಗಳ ಪಕ್ಕ ನಡೆದು ಸ್ವಲ್ಪ ಮೇಲೆ ಹೋಗೋದರೊಳಗೆ ಜ್ವರ ಬಂದು ಟಕೀ ಸೇರಿ ತುಂಬ ಜನ ಸತ್ತರು. ಕೊನೆಗೂ ನದಿಯ ದಾರಿ ಹೊರಗಿನವರಿಗೆ ಗೊತ್ತಾಗಿದ್ದು 1877ರಲ್ಲಿ, ಅನ್ವೇಷಕ ಸ್ಟಾನ್ಲಿ ಪೂರ್ವದ ಜಾಂಜಿಬಾರ್ ಕಡೆಯಿಂದ ಬಂದು ನದಿ ಜೊತೆ ಇಳಿದಾಗ. ಬಾಯಿ ಕಂಡ ಮೇಲೆ ಹತ್ರ ಹತ್ರ 400 ವರ್ಷ! ಜಾಂಬೆಜಿಯಲ್ಲೂ ಇದೇ ಕಥೆ. ಸ್ಕಾಟ್ಲೆಂಡಿನ ಅನ್ವೇಷಕ ಲಿವಿಂಗ್‌ಸ್ಟನ್ 1856ರಲ್ಲಿ ಖಂಡ ದಾಟುವಾಗ ನದಿಯ ಒಂದು ತಿರುವು ಬಿಟ್ಟು ನೆಲದ ಮೇಲೆ ಅಡ್ಡದಾರಿ ಹಿಡಿದ, ಜಾಂಬೆಜಿ ಹಡಗು ಹೋಗೋ ದಾರಿ ಅಂತ ನಂಬಿದ, 1858ರಲ್ಲಿ ಸ್ಟೀಮರ್ ತಗೊಂಡು ಬಂದ್ರೆ ಅವನು ನೋಡದೇ ಬಿಟ್ಟ ಆ ತಿರುವಲ್ಲೇ ಕಹೋರಾ ಬಸ್ಸಾ ರಭಸಗಳು ಅಡ್ಡ ನಿಂತಿದ್ವು.

ಆಫ್ರಿಕಾದ ಒಳನಾಡು ಕತ್ತಲಲ್ಲಿತ್ತು ಅಂತ ಹಳೇ ಪುಸ್ತಕಗಳು ಬರೀತಿದ್ವು, ನನಗೆ ಅದು ಓದಿದಾಗೆಲ್ಲ ಸಿಟ್ಟು ಬರತ್ತೆ. ಅಲ್ಲಿ ರಾಜ್ಯಗಳಿದ್ವು, ಸಂತೆಗಳಿದ್ವು, ಕಬ್ಬಿಣ ಕರಗಿಸೋ ಒಲೆಗಳಿದ್ವು. ಜ್ವರ ಇತ್ತು, ಒಳಗಿನವರ ವಿರೋಧ ಇತ್ತು, ಅದರ ಜೊತೆಗೆ ಹಡಗಿಗೆ ಹತ್ತೋಕಾಗದ ಒಂದು ಮೆಟ್ಟಿಲು ಇತ್ತು. ಆ ಮೆಟ್ಟಿಲನ್ನ ದಾಟಿದ್ದು ರೈಲು. ಮಟಾಡಿಯಿಂದ ರಭಸಗಳನ್ನ ಬಳಸಿಕೊಂಡು ಹೋಗೋ ಹಳಿ ಹಾಕೋಕೆ 1890ರಿಂದ 1898ರವರೆಗೂ ಹಿಡೀತು, ಎಷ್ಟೋ ಕೂಲಿಗಳ ಪ್ರಾಣ ಹೋಯ್ತು. ಇವತ್ತು ಅದೇ ಇಳಿತದಲ್ಲಿ ಇಂಗಾ ವಿದ್ಯುತ್ ಸ್ಥಾವರ ಇದೆ, ಅಲ್ಲಿ ಸಿಗಬಹುದಾದ ಕರೆಂಟಿನ ಸಣ್ಣ ಪಾಲು ಮಾತ್ರ ಈಗ ತೆಗೀತಿರೋದು.

ಪೂರ್ವ ಆಫ್ರಿಕಾಕ್ಕೆ ಬರೋಣ. ಅಲ್ಲಿ ನೆಲ ಎದ್ದಿದ್ದಷ್ಟೇ ಅಲ್ಲ, ಎದ್ದು ಬಿರಿದಿದೆ. ಎರಡು ರಿಫ್ಟ್ ಕಣಿವೆಗಳು, ಅಂದ್ರೆ ನೆಲ ಬಿರಿದು ಕುಸಿದು ಆದ ಉದ್ದ ಕಣಿವೆಗಳು, ಪೂರ್ವದ್ದು ಕೀನ್ಯಾ ಮಧ್ಯ ಹೋಗತ್ತೆ, ಪಶ್ಚಿಮದ್ದು ಉಗಾಂಡಾ, ರುವಾಂಡಾ, ಟಾಂಜಾನಿಯಾದ ಗಡಿ ಉದ್ದಕ್ಕೆ. ಪಶ್ಚಿಮದ ಬಿರುಕಲ್ಲಿ ನೀರು ತುಂಬಿದ ಟಾಂಗನ್ಯಿಕಾ ಸರೋವರದ ಆಳ 1,470 ಮೀಟರ್, ಅದರ ಮೇಲ್ಮೈ ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಎತ್ತರದಲ್ಲಿದೆ, ತಳ ಸಮುದ್ರಮಟ್ಟಕ್ಕಿಂತ ಕೆಳಗೆ. ಇನ್ನು ಎರಡು ಬಿರುಕುಗಳ ಮಧ್ಯದ ಪ್ರಸ್ಥಭೂಮಿ ಸ್ವಲ್ಪ ತಗ್ಗಾಗಿ ಬಾಗಿದೆ, ಆ ಬಾಗಿದ ಜಾಗದಲ್ಲಿ ನೀರು ನಿಂತಿದ್ದೇ ವಿಕ್ಟೋರಿಯಾ ಸರೋವರ. ಸುಮಾರು 68,000 ಚದರ ಕಿಲೋಮೀಟರ್ ಹರಡಿರೋ ಈ ಸರೋವರದ ಅತಿ ಹೆಚ್ಚು ಆಳ ಬರೀ 80 ಮೀಟರ್ ಆಸುಪಾಸು.

ಇಲ್ಲಿ ನದಿಗಳಿಗೆ ಆಗಿದ್ದನ್ನ ಸ್ವಲ್ಪ ಹತ್ರದಿಂದ ನೋಡ್ಬೇಕು. ಮೊದಲು ಈ ಪ್ರಸ್ಥಭೂಮಿಯ ನದಿಗಳು ಪೂರ್ವದಿಂದ ಪಶ್ಚಿಮಕ್ಕೆ ಹರೀತಿದ್ವು. ಪಶ್ಚಿಮದ ರಿಫ್ಟ್‌ನ ಅಂಚು ನಿಧಾನವಾಗಿ ಏಳ್ತಾ ಬಂತು, ನದಿ ಮುಂದೆ ಹೋಗೋಕೆ ಆಗದೆ ಹಿಂದಕ್ಕೆ ತಿರುಗ್ತು. ಉಗಾಂಡಾದಲ್ಲಿ ಕಟೋಂಗಾ, ಕಾಫು ಅಂತ ಎರಡು ನದಿಗಳಿವೆ, ಒಂದೊಂದರ ಕಣಿವೆಯೂ ಇಡೀ ಉದ್ದಕ್ಕೆ ಒಂದೇ, ಆದ್ರೆ ಮಧ್ಯದಲ್ಲಿ ಪಪೈರಸ್ ಬೆಳೆದ ಒಂದು ಜೌಗು. ಆ ಜೌಗಿನ ಒಂದು ಕಡೆಯಿಂದ ನೀರು ಪಶ್ಚಿಮಕ್ಕೆ ಹೋಗತ್ತೆ, ಇನ್ನೊಂದು ಕಡೆಯಿಂದ ಪೂರ್ವಕ್ಕೆ. ಗುಡ್ಡ ಅಡ್ಡ ಇಲ್ಲ, ಬೆಟ್ಟ ಇಲ್ಲ, ಚಪ್ಪಟೆ ಜೌಗಲ್ಲೇ ನೀರು ಎರಡು ದಿಕ್ಕು ಹಿಡಿಯತ್ತೆ. ಉಪನದಿಗಳು ಸೇರೋ ಕೋನ ನೋಡಿದ್ರೆ ಇನ್ನೂ ಚೆನ್ನಾಗಿ ಗೊತ್ತಾಗತ್ತೆ. ಸಾಮಾನ್ಯವಾಗಿ ಉಪನದಿ ಮುಖ್ಯ ನದಿ ಹೋಗೋ ದಿಕ್ಕಿಗೇ ವಾಲಿ ಸೇರತ್ತೆ, ಇಲ್ಲಿ ಹಿಮ್ಮುಖವಾಗಿ ಸೇರತ್ತೆ, ಯಾಕಂದ್ರೆ ಅವು ಹಳೇ ದಿಕ್ಕಿಗೆ ಅಂತ ಕೊರೆದುಕೊಂಡ ದಾರಿಗಳು. ಹಿಂದೆ ತಿರುಗಿದ ನೀರು ಹಳೇ ಕಣಿವೆಗಳೊಳಗೆ ತುಂಬಿಕೊಂಡಿದ್ದಕ್ಕೇ ಕ್ಯೋಗಾ ಸರೋವರ ಮ್ಯಾಪಲ್ಲಿ ಬೆರಳು ಬೆರಳಾಗಿ ಚಾಚಿಕೊಂಡಿರೋದು. ಒಂದು ಸರೋವರದ ಆಕಾರ ನೋಡಿ ನೆಲ ಯಾವ ಕಡೆ ಎದ್ದಿತು ಅಂತ ಹೇಳಬಹುದು ಅನ್ನೋದು ಭೂಗೋಳದಲ್ಲಿ ನನಗೆ ತುಂಬ ಇಷ್ಟವಾದ ವಿಷಯ.

ಈ ಎತ್ತರಕ್ಕೆ ಬ್ರಿಟಿಷರು 1896ರಲ್ಲಿ ಮೊಂಬಾಸಾದಿಂದ ರೈಲು ಹಾಕೋಕೆ ಶುರು ಮಾಡಿ 1901ರಲ್ಲಿ ವಿಕ್ಟೋರಿಯಾ ಸರೋವರ ಮುಟ್ಟಿಸಿದ್ರು. ಹಳಿ ಹಾಕಿದವರಲ್ಲಿ ಸುಮಾರು 32,000 ಜನ ಭಾರತದಿಂದ ಹೋದ ಕೂಲಿಗಳು, ಸುಮಾರು 2,500 ಜನ ಅಲ್ಲೇ ಸತ್ತರು. ರಿಫ್ಟ್ ಅಂಚಿನ ಹತ್ರ ಇಳಿಜಾರು ಎಷ್ಟು ಕಡಿದು ಅಂದ್ರೆ ಶುರುವಿನಲ್ಲಿ ವ್ಯಾಗನ್‌ಗಳನ್ನ ಹಗ್ಗ ಕಟ್ಟಿ ಕೆಳಗಿಳಿಸ್ತಿದ್ರು. ಕಣಿವೆಗೆ ಇಳಿಯೋ ಮುಂಚೆ ಸಾಮಾನು ಸರಂಜಾಮು ಇಟ್ಟುಕೊಳ್ಳೋಕೆ 1899ರಲ್ಲಿ ಒಂದು ಚಪ್ಪಟೆ ಜಾಗದಲ್ಲಿ ಡಿಪೋ ಮಾಡಿದ್ರು, ಅದೇ ನೈರೋಬಿ. ಮೇಲೆ ತಂಪು, ಮಲೇರಿಯಾ ಕಮ್ಮಿ, ಮಣ್ಣು ಚೆನ್ನಾಗಿದೆ ಅಂತ ಗೊತ್ತಾದ ಮೇಲೆ ಆ ನೆಲವನ್ನ ಬಿಳಿಯರಿಗೆ ಮೀಸಲು ಮಾಡಿದ್ರು, ವೈಟ್ ಹೈಲ್ಯಾಂಡ್ಸ್ ಅಂತ ಹೆಸರು. ಅಲ್ಲೇ ಇದ್ದ ಕಿಕುಯು, ಮಸಾಯಿ ಜನ ಜಾಗ ಕಳ್ಕೊಂಡ್ರು, ರೈಲು ಹಾಕಿದ ಭಾರತೀಯರಿಗೂ ಅಲ್ಲಿ ಹೊಲ ಕೊಳ್ಳೋ ಹಕ್ಕು ಇರಲಿಲ್ಲ. ಬ್ರಿಟಿಷರ ವಿರುದ್ಧ 1952ರಲ್ಲಿ ಎದ್ದ ಮೌ ಮೌ ಹೋರಾಟದ ಬೇರು ಈ ಎತ್ತರದ ನೆಲದಲ್ಲೇ ಇದೆ.

ಓಟಗಾರರ ಬಗ್ಗೆ ಹೇಳದೇ ಇದ್ರೆ ಯಾರೂ ಬಿಡಲ್ಲ. 1960ರಲ್ಲಿ ರೋಮ್‌ನಲ್ಲಿ ಇಥಿಯೋಪಿಯಾದ ಅಬೇಬೆ ಬಿಕಿಲಾ ಬರಿಗಾಲಲ್ಲಿ ಓಡಿ ಮ್ಯಾರಥಾನ್ ಗೆದ್ದ. 1968ರ ಒಲಿಂಪಿಕ್ಸ್ ನಡೆದ ಮೆಕ್ಸಿಕೋ ಸಿಟಿ ತಾನೇ 2,200 ಮೀಟರ್ ಮೇಲಿರೋ ಊರು, ಅಲ್ಲಿ 1,500 ಮೀಟರ್ ಓಟದಿಂದ ಮ್ಯಾರಥಾನ್‌ವರೆಗೂ ಕೀನ್ಯಾ, ಇಥಿಯೋಪಿಯಾ, ಟ್ಯುನೀಸಿಯಾದವರೇ ಗೆದ್ದಿದ್ದು. ಓಟಗಾರರ ಊರು ಅನ್ನಿಸಿಕೊಂಡ ಕೀನ್ಯಾದ ಇಟೆನ್ ರಿಫ್ಟ್ ಅಂಚಲ್ಲಿ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಆದ್ರೂ ಎತ್ತರ ಒಂದೇ ಕಾರಣ ಅನ್ನೋದನ್ನ ನಾನು ಒಪ್ಪಲ್ಲ, ಹಾಗಿದ್ರೆ ಆಂಡೀಸ್, ಟಿಬೆಟ್ ಎಲ್ಲಾ ಕಡೆಯಿಂದಲೂ ಚಾಂಪಿಯನ್‌ಗಳು ಬರಬೇಕಿತ್ತು. ಎತ್ತರ ಇದೆ, ಜೊತೆಗೆ ಓಟಾನೇ ಜೀವನಕ್ಕೆ ದಾರಿ ಅಂತ ನಂಬಿ ಬೆಳಗ್ಗೆ ಗುಂಪು ಕಟ್ಟಿಕೊಂಡು ಓಡೋ ಊರುಗಳಿವೆ, ಎರಡೂ ಸೇರಬೇಕು.

ಇಥಿಯೋಪಿಯಾ ಬಗ್ಗೆ ನಾನು ಹೆಚ್ಚು ಹೊತ್ತು ಮಾತಾಡಿದ್ದು ಬೇಕಂತಲೇ. ಸುಮಾರು 3 ಕೋಟಿ ವರ್ಷದ ಹಿಂದೆ ಅಲ್ಲಿ ಲಾವಾ ಉಕ್ಕಿ ಹರೀತು, ನಮ್ಮ ದಖ್ಖನ್ ಲಾವಾಗಿಂತ ಅರ್ಧಕ್ಕೂ ಕಮ್ಮಿ ವಯಸ್ಸು, ಕೆಲವು ಕಡೆ ದಪ್ಪ ಎರಡು ಕಿಲೋಮೀಟರ್. ಅದರ ಮೇಲೆ ಮತ್ತೆ ಜ್ವಾಲಾಮುಖಿಗಳು ಬೆಳೆದ್ವು, ಸಿಮಿಯನ್ ಬೆಟ್ಟಗಳು 4,500 ಮೀಟರ್ ದಾಟಿದ್ದು ಹಾಗೆ. ಈ ರಾಶಿಯನ್ನ ನದಿಗಳು ಕೊರೆದಿರೋ ರೀತಿ ಭಯ ಹುಟ್ಟಿಸತ್ತೆ. ನೀಲಿ ನೈಲ್, ಅಲ್ಲಿಯವರು ಅಬಾಯ್ ಅಂತಾರೆ, ಟಾನಾ ಸರೋವರದಿಂದ ಹೊರಟು ದೊಡ್ಡ ಬಿಲ್ಲಿನ ಹಾಗೆ ಸುತ್ತಿ ಸುಡಾನ್‌ಗೆ ಇಳಿಯೋ ದಾರೀಲಿ ಒಂದೂವರೆ ಕಿಲೋಮೀಟರ್‌ವರೆಗೂ ಆಳದ ಕಂದರ ಮಾಡಿದೆ, ಲಾವಾ ಎಲ್ಲಾ ಕತ್ತರಿಸಿ ಕೆಳಗಿನ ಸುಣ್ಣಕಲ್ಲು, ಮರಳುಗಲ್ಲು, ಅದರ ಅಡಿಯ ಪುರಾತನ ಬಂಡೆವರೆಗೂ ಇಳಿದಿದೆ. ಎದುರುಬದುರು ಇರೋ ಎರಡು ಊರುಗಳು ಕಣ್ಣಿಗೆ ಹತ್ರ, ನಡೆದು ಹೋಗೋಕೆ ಬಹಳ ದೂರ. ಒಂದೇ ದೇಶದಲ್ಲಿ ಇಷ್ಟೊಂದು ಭಾಷೆ, ಇಷ್ಟೊಂದು ರೂಢಿ ಉಳಿದಿರೋದಕ್ಕೆ ಈ ಕಂದರಗಳ ಪಾಲೂ ಇದೆ.

ಹೀಗೆ ಎಲ್ಲಾ ಕಡೆಯಿಂದ ಕತ್ತರಿಸಿಹೋಗಿ ತಲೆ ಮಾತ್ರ ಚಪ್ಪಟೆ ಉಳಿದ ಬೆಟ್ಟಕ್ಕೆ ಅಲ್ಲಿ ಅಂಬಾ ಅಂತಾರೆ. ಇಥಿಯೋಪಿಯಾದ ಉತ್ತರದ ಟಿಗ್ರಾಯ್‌ನಲ್ಲಿರೋ ಡೆಬ್ರೆ ಡಾಮೋ ಅಂಥದ್ದು. ಅದರ ಮೇಲೆ ಆರನೇ ಶತಮಾನದಿಂದ ಬಂದ ಮಠ ಇದೆ. ಹತ್ತೋಕೆ ಮೆಟ್ಟಿಲಿಲ್ಲ, ಸುಮಾರು 15 ಮೀಟರ್ ನೇರ ಬಂಡೆ, ಮೇಲಿಂದ ಹೆಣೆದ ಚರ್ಮದ ಹಗ್ಗ ಇಳಿಬಿಡ್ತಾರೆ, ಇನ್ನೊಂದು ಹಗ್ಗ ಸೊಂಟಕ್ಕೆ, ಮೇಲಿರೋ ಸನ್ಯಾಸಿ ಅದನ್ನ ಎಳೀತಾ ಇರ್ತಾರೆ, ನೀವು ಬಂಡೆಗೆ ಪಾದ ಒತ್ತಿ ಹತ್ತಬೇಕು. ಗಂಡಸರಿಗೆ ಮಾತ್ರ ಪ್ರವೇಶ. ಮೇಲೆ ನೀರಿಗೆ ಬಂಡೆಯಲ್ಲೇ ಕೊರೆದ ತೊಟ್ಟಿಗಳಿವೆ, ಮಳೆ ನೀರು ಅಲ್ಲೇ ನಿಲ್ಲತ್ತೆ. ಅಂಬಾ ಕೋಟೆಯೂ ಆಗ್ತಿತ್ತು, ಜೈಲೂ ಆಗ್ತಿತ್ತು. ಅಂಬಾ ಗೆಶೆನ್‌ನಲ್ಲಿ ಸಿಂಹಾಸನಕ್ಕೆ ಹಕ್ಕು ಕೇಳಬಹುದಾದ ರಾಜಕುಮಾರರನ್ನ ಕೂಡಿಹಾಕ್ತಿದ್ರು. 1868ರಲ್ಲಿ ಚಕ್ರವರ್ತಿ ತೆವೊದ್ರೋಸ್ ಮಖ್ದಲಾ ಅನ್ನೋ ಅಂಬಾದಲ್ಲಿ ಯೂರೋಪಿಯನ್ನರನ್ನ ಸೆರೆಯಿಟ್ಟುಕೊಂಡಿದ್ದಾಗ ಬ್ರಿಟಿಷರು ಬಾಂಬೆಯಿಂದ ಸೈನ್ಯ ಕಳಿಸಿದ್ರು, ಅದರಲ್ಲಿ ಹೆಚ್ಚಿನವರು ಭಾರತೀಯ ಸಿಪಾಯಿಗಳು, ತೋಪು ಹೊರೋಕೆ 44 ಆನೆಗಳನ್ನೂ ಇಲ್ಲಿಂದಲೇ ಹಡಗಲ್ಲಿ ಒಯ್ದಿದ್ರು. ಕೆಂಪು ಸಮುದ್ರದ ದಡದಿಂದ ಆ ಎತ್ತರಕ್ಕೆ 600 ಕಿಲೋಮೀಟರ್‌ಗೂ ಹೆಚ್ಚು ದೂರ ನಡೆದ ಆನೆಗಳು!

ಅಲ್ಲಿನ ಜನ ನೆಲವನ್ನ ಎತ್ತರದ ಲೆಕ್ಕದಲ್ಲೇ ಹೇಳೋದು. ಸುಮಾರು 1,500 ಮೀಟರ್ ಕೆಳಗಿನ ಬಿಸಿ ನಾಡು ಕೊಲ್ಲಾ, ಅದರ ಮೇಲೆ ವೊಯ್ನಾ ದೆಗಾ, ಇನ್ನೂ ಮೇಲೆ ಚಳಿಯ ದೆಗಾ. ಟೆಫ್ ಅನ್ನೋ ಸಣ್ಣ ಕಾಳಿನ ಧಾನ್ಯ, ಕಾಫಿ ಮಧ್ಯದಲ್ಲಿ ಬರತ್ತೆ, ಬಾರ್ಲಿ ಮೇಲೆ. ಬಾಲೆ ಬೆಟ್ಟಗಳ ಸನೆಟ್ಟಿ ಪ್ರಸ್ಥಭೂಮಿ 4,000 ಮೀಟರ್ ಎತ್ತರ, ರಾತ್ರಿ ನೀರು ಹೆಪ್ಪುಗಟ್ಟತ್ತೆ, ಆಳೆತ್ತರ ಮೀರಿದ ಲೊಬೇಲಿಯಾ ಗಿಡಗಳು ಬಿಟ್ರೆ ಮರ ಇಲ್ಲ. ಅಲ್ಲಿ ಜೈಂಟ್ ಮೋಲ್ ರ‍್ಯಾಟ್ ಅನ್ನೋ ದೊಡ್ಡ ಇಲಿ ಇದೆ, ಬದುಕೆಲ್ಲಾ ಬಿಲದಲ್ಲೇ, ತಲೆ ಮತ್ತೆ ಅರ್ಧ ಮೈ ಹೊರಗೆ ಹಾಕಿ ಬಿಲದ ಬಾಯಿ ಸುತ್ತಲ ಹುಲ್ಲು ಕಿತ್ತುಕೊಂಡು ಒಳಗೆ ಎಳ್ಕೊಳ್ಳತ್ತೆ, ಅಷ್ಟು ಹೊತ್ತಲ್ಲಿ ಹಿಡೀಬೇಕು ಅಂತ ಕೆಂಪು ಮೈಯ ಇಥಿಯೋಪಿಯನ್ ತೋಳ ಹೊಟ್ಟೆ ನೆಲಕ್ಕೆ ತಾಗೋ ಹಾಗೆ ತೆವಳಿಕೊಂಡು ಬರತ್ತೆ. ಈ ತೋಳ ಜಗತ್ತಲ್ಲೆಲ್ಲಾ ಸೇರಿ ಸುಮಾರು 500 ಉಳಿದಿರಬಹುದು, ಅರ್ಧಕ್ಕೂ ಹೆಚ್ಚು ಬಾಲೆಯಲ್ಲೇ. ಅಲ್ಲೇ ಫಿಂಚಾ ಹಬೇರಾ ಅನ್ನೋ ಕಲ್ಲಾಸರೆಯಲ್ಲಿ, ಸುಮಾರು 3,470 ಮೀಟರ್ ಎತ್ತರದಲ್ಲಿ, 40,000 ವರ್ಷಕ್ಕೂ ಹಿಂದೆ ಮನುಷ್ಯರು ವಾಸ ಮಾಡಿದ್ದ ಗುರುತು ಸಿಕ್ಕಿದೆ, 2019ರಲ್ಲಿ ಅದು ಪ್ರಕಟ ಆಯ್ತು. ಅವರು ಸುಟ್ಟು ತಿಂತಿದ್ದಿದ್ದು ಇದೇ ಇಲಿಗಳನ್ನ, ಕತ್ತರಿಸೋಕೆ ಇನ್ನೂ ಮೇಲಿಂದ ಗಾಜಿನಂಥ ಒಬ್ಸಿಡಿಯನ್ ಕಲ್ಲು ತರ್ತಿದ್ರು. ಎತ್ತರದ ನೆಲಕ್ಕೆ ಮನುಷ್ಯ ಬೇರೆ ದಾರಿ ಇಲ್ಲದೆ ಕೊನೇಲಿ ಹೋದ ಅಂತ ನಾವು ಅಂದ್ಕೊಂಡಿದ್ವಿ, ಹಾಗೇನಿಲ್ಲ ಅಂತ ಆ ಬೂದಿ ರಾಶಿ ಹೇಳತ್ತೆ.

ಪಶ್ಚಿಮ, ಉತ್ತರದ ಎತ್ತರಗಳನ್ನ ಬೇಗ ಹೇಳಿಬಿಡ್ತೀನಿ. ಗಿನಿ ದೇಶದ ಫೂಟಾ ಜಲೋನ್ ಮರಳುಗಲ್ಲಿನ ಪ್ರಸ್ಥಭೂಮಿ, ಸೆನೆಗಲ್ ಮತ್ತು ಗ್ಯಾಂಬಿಯಾ ನದಿಗಳು ಅಲ್ಲಿ ಹುಟ್ಟತ್ವೆ. ಅದರ ಆಗ್ನೇಯಕ್ಕೆ ಗಿನಿ ಹೈಲ್ಯಾಂಡ್ಸ್‌ನಲ್ಲಿ ಹುಟ್ಟೋ ನೈಜರ್ ನದಿಗೆ ಸಮುದ್ರ ಬರೀ 240 ಕಿಲೋಮೀಟರ್ ದೂರ, ಆದ್ರೆ ಬೆಟ್ಟದ ಇಳಿಜಾರು ಒಳಕ್ಕಿದ್ದಿದ್ದರಿಂದ ಸಹಾರಾ ಅಂಚಿಗೆ ಹೋಗಿ ತಿರುಗಿ 4,180 ಕಿಲೋಮೀಟರ್ ಸುತ್ತಿ ನೈಜೀರಿಯಾದಲ್ಲಿ ಸಮುದ್ರ ಸೇರತ್ತೆ. ಅದೇ ನೈಜೀರಿಯಾದ ಜೋಸ್ ಪ್ರಸ್ಥಭೂಮಿ ತವರದ ಗಣಿಗೆ ಹೆಸರುವಾಸಿ, ಅದರ ಹತ್ರದ ನೋಕ್ ಊರಲ್ಲಿ 1928ರಲ್ಲಿ ತವರ ಅಗೆಯುವಾಗಲೇ ಎರಡು ಸಾವಿರ ವರ್ಷಕ್ಕೂ ಹಳೇ ಮಣ್ಣಿನ ಶಿಲ್ಪ ಹೊರಗೆ ಬಂತು. ಸಹಾರಾ ಮಧ್ಯ ಟಿಬೆಸ್ಟಿ ಬೆಟ್ಟಗಳು 3,400 ಮೀಟರ್ ದಾಟತ್ವೆ. ಚಾಡ್‌ನ ಎನ್ನೆಡಿ ಪ್ರಸ್ಥಭೂಮಿಯ ಕಂದರಗಳಲ್ಲಿ ನಿಂತ ನೀರಲ್ಲಿ ಇವತ್ತಿಗೂ ಕೆಲವು ಮೊಸಳೆಗಳಿವೆ, ಸಹಾರಾ ಹಸಿರಾಗಿದ್ದ ಕಾಲದಿಂದ ಅಲ್ಲೇ ಸಿಕ್ಕಿಕೊಂಡವು, ಸುತ್ತ ನೂರಾರು ಕಿಲೋಮೀಟರ್ ಬರೀ ಮರಳು.

ಪ್ರಶ್ನೆಗಳಲ್ಲಿ ಮೊದಲನೇದು, ಆಫ್ರಿಕಾ ಎರಡು ಹೋಳಾಗತ್ತಂತೆ ನಿಜಾನಾ ಅಂತ. ಬಿರುಕು ಅಗಲ ಆಗ್ತಿರೋದು ನಿಜ, ವರ್ಷಕ್ಕೆ ಕೆಲವು ಮಿಲಿಮೀಟರ್. ಅಂದ್ರೆ ಕೋಟಿಗಟ್ಟಲೆ ವರ್ಷದ ಮಾತು. ಆದ್ರೆ ಎಲ್ಲಾ ಸಲ ನಿಧಾನ ಅಲ್ಲ, 2005ರ ಸೆಪ್ಟೆಂಬರ್‌ನಲ್ಲಿ ಇಥಿಯೋಪಿಯಾದ ಆಫಾರ್‌ನಲ್ಲಿ ಕೆಲವೇ ದಿನಗಳಲ್ಲಿ ಸುಮಾರು 60 ಕಿಲೋಮೀಟರ್ ಉದ್ದಕ್ಕೆ ನೆಲದಡಿ ಶಿಲಾರಸ ನುಗ್ಗಿ ಕೆಲವು ಕಡೆ 8 ಮೀಟರ್‌ವರೆಗೂ ನೆಲ ಬಾಯಿಬಿಡ್ತು. ಅದೇ ಆಫಾರ್ ಕಡೆ ಜಿಬೂಟಿಯ ಅಸ್ಸಾಲ್ ಸರೋವರ ಸಮುದ್ರಮಟ್ಟಕ್ಕಿಂತ 155 ಮೀಟರ್ ಕೆಳಗಿದೆ, ಖಂಡದ ಅತಿ ತಗ್ಗು ಜಾಗ ಅದು, ಇಥಿಯೋಪಿಯಾದ ಎತ್ತರದ ಗೋಡೆಗೆ ಅಷ್ಟೇನೂ ದೂರ ಇಲ್ಲ. ಎದ್ದಿದ್ದಕ್ಕೂ ಬಿರಿದಿದ್ದಕ್ಕೂ ಕಾರಣ ಒಂದೇ ಆಗಿರೋದರಿಂದ ಎರಡೂ ಅಕ್ಕಪಕ್ಕ ಇವೆ.

ಎರಡನೇದು ನೈಲ್ ನೀರಿನ ಜಗಳ, ಇಥಿಯೋಪಿಯಾ ಸರಿಯೋ ಈಜಿಪ್ಟ್ ಸರಿಯೋ ಅಂತ ಒಬ್ಬರು ನೇರವಾಗಿ ಕೇಳಿದ್ರು. ಈಜಿಪ್ಟ್‌ನ ಅಸ್ವಾನ್ ತಲುಪೋ ನೈಲ್ ನೀರಲ್ಲಿ ಸುಮಾರು 85 ಪರ್ಸೆಂಟ್ ಇಥಿಯೋಪಿಯಾದ ಎತ್ತರದಿಂದ ಇಳಿದಿದ್ದು. 1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ಇಬ್ಬರೇ ಕೂತು ಹಂಚಿಕೊಂಡ್ರು, ವರ್ಷಕ್ಕೆ 55.5 ಬಿಲಿಯನ್ ಘನಮೀಟರ್ ಈಜಿಪ್ಟ್‌ಗೆ, 18.5 ಸುಡಾನ್‌ಗೆ, ಮಿಕ್ಕ 10 ಅಸ್ವಾನ್ ಜಲಾಶಯದಲ್ಲಿ ಆವಿಯಾಗಿ ಹೋಗೋ ಲೆಕ್ಕ. ನೀರು ಹುಟ್ಟೋ ದೇಶದ ಹೆಸರೇ ಅದರಲ್ಲಿಲ್ಲ, ಅದು ಅನ್ಯಾಯ ಅಂತಾನೇ ನಾನು ಹೇಳ್ತೀನಿ. 2011ರಲ್ಲಿ ಇಥಿಯೋಪಿಯಾ ಅಬಾಯ್ ಮೇಲೆ ದೊಡ್ಡ ಡ್ಯಾಂ ಶುರು ಮಾಡ್ತು, 145 ಮೀಟರ್ ಎತ್ತರ, 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆ ಆಯ್ತು. ಅದೇ ಹೊತ್ತಿಗೆ ಮಳೆಯೇ ಬೀಳದ ಈಜಿಪ್ಟ್‌ನ ಹತ್ತು ಕೋಟಿಗೂ ಮೀರಿದ ಜನರ ಹೆದರಿಕೇನ ಸುಮ್ಮನೆ ತಳ್ಳಿಹಾಕೋದೂ ತಪ್ಪು. ಸಾಮಾನ್ಯ ವರ್ಷದಲ್ಲಿ ಈ ಡ್ಯಾಂ ಕರೆಂಟ್ ಮಾಡಿ ನೀರನ್ನ ಮುಂದಕ್ಕೆ ಬಿಡಲೇಬೇಕು, ಬಿಡದೆ ಟರ್ಬೈನ್ ತಿರುಗಲ್ಲ. ತೊಂದರೆ ಬರೋದು ಮೇಲೆ ಎರಡು ಮೂರು ವರ್ಷ ಸಾಲಾಗಿ ಮಳೆ ಕೈಕೊಟ್ಟಾಗ. ಆಗ ಎಷ್ಟು ಬಿಡಬೇಕು ಅಂತ ಮೂರೂ ದೇಶ ಸಹಿ ಹಾಕಿದ ಕಾಗದ ಬೇಕು, ಅದು ಇನ್ನೂ ಆಗಿಲ್ಲ. ಆ ಕಾಗದ ಬರೆಯೋಕೆ ಭೂಗೋಳವೇ ಒಂದು ಸಹಾಯ ಮಾಡತ್ತೆ, ಇಥಿಯೋಪಿಯಾದ ಆಳವಾದ ಜಲಾಶಯದಿಂದ ಆವಿಯಾಗೋ ನೀರು ಮರುಭೂಮಿಯಲ್ಲಿ ಹರಡಿಕೊಂಡಿರೋ ಅಸ್ವಾನ್ ಜಲಾಶಯಕ್ಕಿಂತ ತುಂಬ ಕಮ್ಮಿ, ಅಂದ್ರೆ ನೀರನ್ನ ಕೆಳಗಿಡೋ ಬದಲು ಮೇಲಿಟ್ಟುಕೊಂಡು ಬೇಕಾದಾಗ ಬಿಟ್ರೆ ಮೂವರಿಗೂ ಸೇರಿ ಹಂಚಿಕೊಳ್ಳೋಕೆ ಇರೋ ನೀರು ಜಾಸ್ತಿ ಆಗತ್ತೆ.